ಗಣಕ ಪ್ರಶ್ನೋತ್ತರ: ಅಡ್ಮಿನ್ ಖಾತೆ ಯಾವ ಕೆಲಸಕ್ಕೆ ಬೇಕು, ಯಾವುದಕ್ಕೆ ಬೇಡ

ಮನೆಯ ಕಂಪ್ಯೂಟರಿನಲ್ಲಿ ದಿನನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ (ಚುಟುಕಾಗಿ ಅಡ್ಮಿನ್) ಖಾತೆಯನ್ನು, ಅಂದರೆ ಇಡೀ ಯಂತ್ರವನ್ನು ಬದಲಿಸುವ ಪೂರ್ಣ ಅಧಿಕಾರವಿರುವ ಖಾತೆಯನ್ನು ಬಳಸಬಾರದು ಎಂದು ಕಳೆದ ಸಂಚಿಕೆಯಲ್ಲಿ ಒಂದೇ ಮಾತಿನಲ್ಲಿ ಹೇಳಿದ್ದೆ. ಕಾರಣ ಕೇಳಿ, ಆಕ್ಷೇಪಣೆ ಎತ್ತಿ, ತಮ್ಮ ತೊಂದರೆಗಳನ್ನು ವಿವರಿಸಿ ಹಲವು ಓದುಗರು ಬರೆದಿದ್ದಾರೆ. ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ನನ್ನ ವಿಂಡೋಸ್ 11 ಲ್ಯಾಪ್‌ಟಾಪನ್ನು ನಾನೊಬ್ಬನೇ ಬಳಸುತ್ತೇನೆ. ಅಂಗಡಿಯವರು ಕೊಡುವಾಗಲೇ ನನ್ನ ಹೆಸರಿನಲ್ಲಿ ಒಂದು ಖಾತೆ ಮಾಡಿಕೊಟ್ಟಿದ್ದು, ಅದರ ಕೆಳಗೆ ‘ಅಡ್ಮಿನಿಸ್ಟ್ರೇಟರ್’ ಎಂದಿದೆ. ಬೇರೆ ಯಾರೂ ಮುಟ್ಟದ ಯಂತ್ರದಲ್ಲಿ ನನ್ನ ಅಧಿಕಾರವನ್ನು ನಾನೇ ಏಕೆ ಮೊಟಕುಗೊಳಿಸಿಕೊಳ್ಳಬೇಕು?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮಾನ್ಯರೇ, ಕೀಲಿಮಣೆಯ ಮುಂದೆ ತಾವೊಬ್ಬರೇ ಕುಳಿತಿದ್ದರೂ ತಮ್ಮ ಹೆಸರಿನಲ್ಲಿ ಆ ಯಂತ್ರದೊಳಗೆ ಕೆಲಸ ಮಾಡುತ್ತಿರುವ ಪ್ರೋಗ್ರಾಂಗಳು ಹತ್ತಾರು ಇವೆ. ಬ್ರೌಸರ್, ಅದಕ್ಕೆ ಸೇರಿಸಿಕೊಂಡ ಎಕ್ಸ್‌ಟೆನ್ಶನ್‌ಗಳು, ಪಿಡಿಎಫ್ ತೆರೆಯುವ ತಂತ್ರಾಂಶ, ಪ್ರಿಂಟರಿನ ಜೊತೆ ಬಂದ ಸಣ್ಣ ಪ್ರೋಗ್ರಾಂ, ಪರಿಚಿತರು ಕಳುಹಿಸಿದರೆಂದು ತಾವು ತೆರೆದ ಕಡತ, ಇವೆಲ್ಲ ಅದರಲ್ಲಿ ಸೇರಿವೆ. ಒಂದು ಪ್ರೋಗ್ರಾಂ ಏನೇನು ಮಾಡಬಹುದು ಎಂಬುದನ್ನು ವಿಂಡೋಸ್ ಮುಖ್ಯವಾಗಿ ತೀರ್ಮಾನಿಸುವುದು ಅದು ಯಾರ ಖಾತೆಯಲ್ಲಿ ನಡೆಯುತ್ತಿದೆ ಎಂಬುದನ್ನು ನೋಡಿ. ಖಾತೆಗೆ ಇರುವ ಅಧಿಕಾರ ಆ ಖಾತೆಯಲ್ಲಿ ತೆರೆದ ಪ್ರೋಗ್ರಾಂಗಳ ಕೈಗೂ ಸಿಗುತ್ತದೆ. ಮನೆಗೆ ಕೆಲಸಕ್ಕೆ ಬಂದವರೆಲ್ಲರ ಕೈಗೂ ಬೀರುವಿನ ಬೀಗದಕೈ ಕೊಡುವವರು ಯಾರೂ ಇಲ್ಲ. ಅಡ್ಮಿನ್ ಖಾತೆಯಲ್ಲೇ ಎಲ್ಲ ಕೆಲಸ ಮಾಡುವವರು ಅಪರಿಚಿತ ಪ್ರೋಗ್ರಾಂಗಳಿಗೆ ಅದನ್ನೇ ಕೊಟ್ಟಿರುತ್ತಾರೆ.

ಈ ವಿಚಾರ ಹೊಸದೇನಲ್ಲ. ಪ್ರತಿಯೊಂದು ಪ್ರೋಗ್ರಾಂಗೂ ಪ್ರತಿಯೊಬ್ಬ ಬಳಕೆದಾರನಿಗೂ ಆಯಾ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು ಎಂಬುದನ್ನು ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ವಿಜ್ಞಾನಿಗಳು 1975ರಲ್ಲೇ ಒಂದು ಪ್ರಬಂಧದಲ್ಲಿ ಸ್ಪಷ್ಟವಾಗಿ ಬರೆದಿಟ್ಟಿದ್ದರು. ಆದರೆ ಮನೆಯ ಕಂಪ್ಯೂಟರುಗಳು ಈ ನಿಯಮವನ್ನು ಬಹುಕಾಲ ಪಾಲಿಸಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಮೊದಲ ಸಲ ಸಿದ್ಧಪಡಿಸುವಾಗ ಮಾಡಿದ ಖಾತೆಗಳೆಲ್ಲವೂ ಅಡ್ಮಿನ್ ಖಾತೆಗಳೇ ಆಗಿರುತ್ತಿದ್ದವು. ನಮ್ಮಲ್ಲಿ ಬಹಳಷ್ಟು ಜನ ಕಂಪ್ಯೂಟರ್ ಕಲಿತದ್ದು ಆ ಕಾಲದಲ್ಲಾದ್ದರಿಂದ ಅದೇ ರೂಢಿ ಇಂದಿಗೂ ಉಳಿದಿದೆ.

2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ ಇದನ್ನು ಸ್ವಲ್ಪ ಸರಿಪಡಿಸಿತು. ಅಂದಿನಿಂದ ಅಡ್ಮಿನ್ ಖಾತೆಯವರು ಒಳಬಂದಾಗ ವಿಂಡೋಸ್ ಅವರಿಗೆ ಎರಡು ಅಧಿಕಾರಪತ್ರಗಳನ್ನು ಸಿದ್ಧಪಡಿಸುತ್ತದೆ. ಒಂದು ಸಾಧಾರಣ ಬಳಕೆದಾರನದು, ಇನ್ನೊಂದು ಪೂರ್ಣ ಅಧಿಕಾರದ್ದು. ಮಾಮೂಲಿ ಕೆಲಸಗಳೆಲ್ಲ ಮೊದಲನೆಯದರಲ್ಲಿ ನಡೆಯುತ್ತವೆ. ಎರಡನೆಯದು ಬೇಕಾದಾಗ ಪರದೆ ಮಬ್ಬಾಗಿ, ‘ಈ ಪ್ರೋಗ್ರಾಂ ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಲು ಒಪ್ಪುತ್ತೀರಾ’ ಎಂದು ಕೇಳುವ ಚೌಕ ಬರುತ್ತದೆ. ಹಾಗಿದ್ದ ಮೇಲೆ ದಿನದ ಕೆಲಸಕ್ಕೆ ಕಡಿಮೆ ಅಧಿಕಾರದ ಬೇರೆ ಖಾತೆ (ವಿಂಡೋಸ್ ಅದನ್ನು ‘ಸ್ಟ್ಯಾಂಡರ್ಡ್’ ಎನ್ನುತ್ತದೆ) ಏಕೆ ಎಂದು ತಾವು ಕೇಳಬಹುದು. ಪೂರ್ಣ ಅಧಿಕಾರಪತ್ರ ಅದೇ ಖಾತೆಯ ಜೇಬಿನಲ್ಲಿ ಇದ್ದೇ ಇರುವುದು ಮೊದಲ ತೊಂದರೆ. 2009ರ ವಿಂಡೋಸ್ 7ರಲ್ಲಿ ಈ ಚೌಕ ಪದೇ ಪದೇ ಬರದಂತೆ ಸಡಿಲಿಸಿದಾಗ, ವಿಂಡೋಸ್‌ನದೇ ಆದ ಕೆಲವು ಪ್ರೋಗ್ರಾಂಗಳಿಗೆ ಕೇಳದೆಯೇ ಮೇಲಿನ ಅಧಿಕಾರ ಸಿಗುವಂತಾಯಿತು, ಮತ್ತು ದುರುದ್ದೇಶದ ತಂತ್ರಾಂಶಗಳು ಆ ಪ್ರೋಗ್ರಾಂಗಳ ಹೆಗಲೇರಿ ಸದ್ದಿಲ್ಲದೆ ಪೂರ್ಣ ಅಧಿಕಾರ ಪಡೆಯುವ ದಾರಿಗಳನ್ನು ಮತ್ತೆ ಮತ್ತೆ ಹುಡುಕಿಕೊಂಡಿವೆ. ಅಡ್ಮಿನ್ ಖಾತೆಯೊಳಗಿನ ಈ ಒಪ್ಪಿಗೆಯ ಚೌಕವನ್ನು ಭದ್ರತೆಯ ಗಡಿಯೆಂದು ಪರಿಗಣಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ತಾನೇ ಹೇಳಿಕೊಂಡು ಬಂದಿದೆ. ಸ್ಟ್ಯಾಂಡರ್ಡ್ ಖಾತೆಯಲ್ಲಾದರೆ ಕದಿಯಲು ಪೂರ್ಣ ಅಧಿಕಾರಪತ್ರವೇ ಇರುವುದಿಲ್ಲ. ಬರೀ ‘ಹೌದು’ ಒತ್ತಿದರೆ ಸಾಲದು, ಇನ್ನೊಂದು ಖಾತೆಯ ಪಾಸ್‌ವರ್ಡ್ ಕೊಡಬೇಕು.

ಇದರಿಂದ ಆಗದ ಕೆಲಸವನ್ನೂ ತಿಳಿದಿರಬೇಕು. ತಮ್ಮ ದಾಖಲೆಗಳು, ಮೊಮ್ಮಕ್ಕಳ ಫೋಟೋಗಳು ತಮ್ಮ ಖಾತೆಯಲ್ಲೇ ಇರುವುದರಿಂದ, ಕಡತಗಳನ್ನು ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಸ್ಟ್ಯಾಂಡರ್ಡ್ ಖಾತೆಯಲ್ಲೂ ಅವನ್ನು ಹಾಳುಮಾಡಬಲ್ಲದು. ಆದರೆ ಅಂಥ ತಂತ್ರಾಂಶಗಳು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ವಿಂಡೋಸ್ ತೆಗೆದಿಟ್ಟುಕೊಂಡ ಹಳೆಯ ಪ್ರತಿಗಳನ್ನು ಅಳಿಸುವುದು ಮತ್ತು ಆಂಟಿವೈರಸ್ಸನ್ನು ಕುರುಡಾಗಿಸುವುದು. ಆ ಎರಡಕ್ಕೂ ಅಡ್ಮಿನ್ ಅಧಿಕಾರ ಬೇಕು. ಕಂಪ್ಯೂಟರ್ ಶುರುವಾಗುವಾಗಲೇ ಎದ್ದು ಕೂರುವ ಸರ್ವೀಸ್ ಆಗಿ ನೆಲೆಯೂರಲು, ಡ್ರೈವರ್ (ಯಂತ್ರದ ಭಾಗಗಳನ್ನು ವಿಂಡೋಸ್ ಜೊತೆ ಹೊಂದಿಸುವ ತಂತ್ರಾಂಶ) ಹಾಕಲು, ಇತರರ ಖಾತೆಗೆ ಕೈಹಾಕಲು ಸಹ ಅದು ಬೇಕು. ಆದ್ದರಿಂದ ಹಾನಿ ಒಂದು ಖಾತೆಯೊಳಗೆ ನಿಲ್ಲುತ್ತದೆ, ಯಂತ್ರವನ್ನು ಶುಚಿಗೊಳಿಸುವುದು ಸಾಧ್ಯವಾಗುತ್ತದೆ. ದಾಖಲೆಗಳ ಇನ್ನೊಂದು ಪ್ರತಿಯನ್ನು ಕಂಪ್ಯೂಟರಿನಿಂದ ಕಳಚಿಟ್ಟ ಹಾರ್ಡ್ ಡಿಸ್ಕಿನಲ್ಲಿ ಇಡುವುದು ಇದರ ಜೊತೆಗೆ ಮಾಡಲೇಬೇಕಾದ ಕೆಲಸ.

ಬದಲಾಯಿಸುವ ಕ್ರಮ ಹೀಗಿದೆ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದು ‘ಅದರ್ ಯೂಸರ್ಸ್’ ಎಂಬಲ್ಲಿ ಹೊಸ ಖಾತೆಯೊಂದನ್ನು ಸೇರಿಸಿ. ಮೈಕ್ರೋಸಾಫ್ಟ್ ಖಾತೆ ಕೇಳಿದಾಗ ‘ಈ ವ್ಯಕ್ತಿಯ ವಿವರ ನನ್ನ ಬಳಿ ಇಲ್ಲ’ ಎಂಬ ಅರ್ಥದ ಸಾಲನ್ನು ಒತ್ತಿ, ಅದಿಲ್ಲದೆಯೇ ಸೇರಿಸುವ ಆಯ್ಕೆಯನ್ನು ಹಿಡಿಯಬಹುದು. ಅದಕ್ಕೆ ಗಟ್ಟಿಯಾದ ಪಾಸ್‌ವರ್ಡ್ ಕೊಟ್ಟು, ಖಾತೆಯ ಬಗೆಯನ್ನು ಅಡ್ಮಿನಿಸ್ಟ್ರೇಟರ್ ಎಂದು ಬದಲಿಸಿ. ಈಗ ತಮ್ಮ ಖಾತೆಯಿಂದ ಹೊರಬಂದು ಹೊಸ ಖಾತೆಯೊಳಗೆ ಒಮ್ಮೆ ಹೋಗಿ, ಪಾಸ್‌ವರ್ಡ್ ಸರಿಯಾಗಿದೆಯೆಂದು ಖಾತ್ರಿಪಡಿಸಿಕೊಳ್ಳಿ. ಇದಾದ ಮೇಲೆ, ಆ ಹೊಸ ಖಾತೆಯಲ್ಲೇ ಕುಳಿತು ತಮ್ಮ ಹಳೆಯ ಖಾತೆಯನ್ನು ಸ್ಟ್ಯಾಂಡರ್ಡ್ ಎಂದು ಮಾಡಿ. ಕ್ರಮ ತಪ್ಪಬಾರದು: ಹೊಸದನ್ನು ಪರೀಕ್ಷಿಸುವ ಮೊದಲು ಹಳೆಯದರ ಅಧಿಕಾರ ಇಳಿಸಬಾರದು. ತಮ್ಮ ಕಡತಗಳು, ಡೆಸ್ಕ್‌ಟಾಪ್, ಬ್ರೌಸರಿನಲ್ಲಿ ಉಳಿಸಿಟ್ಟದ್ದು ಯಾವುದೂ ಜಾಗ ಬದಲಿಸುವುದಿಲ್ಲ. ಹೊಸ ಅಡ್ಮಿನ್ ಖಾತೆಯಲ್ಲಿ ಇಮೇಲ್ ನೋಡುವುದು, ಜಾಲತಾಣ ತೆರೆಯುವುದು ಬೇಡವೇ ಬೇಡ.

ಪ್ರಶ್ನೆ: ನಮ್ಮದು ಲೆಕ್ಕಪತ್ರದ ಕಚೇರಿ. ಟ್ಯಾಲಿ, ಜಿಎಸ್‌ಟಿ, ಡಿಜಿಟಲ್ ಸಹಿಯ ಟೋಕನ್, ಪ್ರಿಂಟರ್ ಎಂದು ದಿನವಿಡೀ ಕೆಲಸವಿರುತ್ತದೆ. ಪ್ರತಿ ಸಲ ಒಂದು ಖಾತೆಯಿಂದ ಹೊರಬಂದು ಇನ್ನೊಂದಕ್ಕೆ ಹೋಗುವುದು ಸಾಧ್ಯವೇ? ಪಾಸ್‌ವರ್ಡ್ ಕೇಳುವ ಚೌಕ ಬಂದಾಗ ಕೊಡಬೇಕೋ ಬೇಡವೋ ಎಂದು ತಿಳಿಯುವುದು ಹೇಗೆ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹೊರಬರುವ ಅಗತ್ಯವಿಲ್ಲ. ಸ್ಟ್ಯಾಂಡರ್ಡ್ ಖಾತೆಯಲ್ಲಿ ಇದ್ದಂತೆಯೇ ಅಡ್ಮಿನ್ ಪಾಸ್‌ವರ್ಡ್ ಕೇಳುವ ಚೌಕ ಬರುತ್ತದೆ. ಅಲ್ಲೇ ಕೊಟ್ಟರೆ ಆ ಒಂದು ಕೆಲಸಕ್ಕೆ ಮಾತ್ರ ಅಧಿಕಾರ ಸಿಗುತ್ತದೆ. ನೀವು ಹೇಳಿದ ಕೆಲಸಗಳಲ್ಲಿ ಅಡ್ಮಿನ್ ಅಧಿಕಾರ ಬೇಕಾಗುವುದು ಸಾಮಾನ್ಯವಾಗಿ ತಂತ್ರಾಂಶವನ್ನು ಹಾಕುವಾಗ, ಟೋಕನ್ನಿನ ಅಥವಾ ಪ್ರಿಂಟರಿನ ಡ್ರೈವರ್ ಸೇರಿಸುವಾಗ. ಲೆಕ್ಕ ಬರೆಯಲು, ಸಹಿ ಮಾಡಲು, ರಿಟರ್ನ್ ಸಲ್ಲಿಸಲು ಅದು ಬೇಕಿಲ್ಲ.

ಚೌಕ ಬಂದಾಗ ನಿಮ್ಮನ್ನು ನೀವೇ ಮೊದಲು ಕೇಳಿಕೊಳ್ಳಬೇಕಾದದ್ದು, ‘ಈ ಕ್ಷಣದಲ್ಲಿ ಇದನ್ನು ಶುರುಮಾಡಿದವನು ನಾನೇ?’ ಎಂಬುದು. ಬಿಲ್ ಬರೆಯುತ್ತಿರುವಾಗ, ಏನನ್ನೂ ಹಾಕಲು ಹೊರಡದೆ ಇರುವಾಗ ಚೌಕ ಎದ್ದರೆ ಉತ್ತರ ‘ಇಲ್ಲ’ ಎಂದೇ ಇರಲಿ. ನಿಜವಾಗಿ ಬೇಕಾದ ಪ್ರೋಗ್ರಾಂ ಆಗಿದ್ದರೆ ಅದು ಮತ್ತೊಮ್ಮೆ ಕೇಳುತ್ತದೆ. ನಿರಾಕರಿಸಿದ್ದರಿಂದ ಹೆಚ್ಚೆಂದರೆ ಆ ಕೆಲಸ ಮುಂದಕ್ಕೆ ಹೋಗುತ್ತದೆ. ಎರಡನೆಯದಾಗಿ ಚೌಕವನ್ನು ಓದಿ. ಪ್ರೋಗ್ರಾಂನ ಹೆಸರಿನ ಕೆಳಗೆ ಅದನ್ನು ಹೊರತಂದವರ ಹೆಸರಿರುತ್ತದೆ. ಡಿಜಿಟಲ್ ಸಹಿ (ಹೊರತಂದವರು ಯಾರೆಂದು ಖಚಿತಪಡಿಸುವ ಗುರುತು) ಇಲ್ಲದ ಪ್ರೋಗ್ರಾಂ ಆಗಿದ್ದರೆ ಅಲ್ಲಿ ‘ಅನ್‌ನೋನ್’ ಎಂದಿರುತ್ತದೆ ಮತ್ತು ಮೇಲಿನ ಪಟ್ಟಿ ಹಳದಿಯಾಗಿರುತ್ತದೆ. ‘ಹೆಚ್ಚಿನ ವಿವರ’ ಎಂಬುದನ್ನು ಒತ್ತಿದರೆ ಆ ಪ್ರೋಗ್ರಾಂ ಡಿಸ್ಕಿನಲ್ಲಿ ಎಲ್ಲಿದೆ ಎಂಬುದು ಕಾಣಿಸುತ್ತದೆ. ಪ್ರಿಂಟರಿನ ಹೆಸರು ಹೇಳಿಕೊಂಡು ಬಂದ ಪ್ರೋಗ್ರಾಂ ತಾತ್ಕಾಲಿಕ ಕಡತಗಳ ‘ಟೆಂಪ್’ ಫೋಲ್ಡರಿನಲ್ಲಿ ಕುಳಿತಿದ್ದು, ನೀವು ಯಾವ ಪ್ರಿಂಟರನ್ನೂ ಹಾಕುತ್ತಿಲ್ಲವಾದರೆ ಅನುಮಾನಿಸಲು ಅಷ್ಟೇ ಸಾಕು. ಹೆಸರಾಂತ ಕಂಪನಿಯ ಸಹಿ ಇದ್ದ ಮಾತ್ರಕ್ಕೆ ನಂಬಿಬಿಡಬೇಡಿ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ತಂತ್ರಾಂಶದ ಡ್ರೈವರುಗಳಿಗೆ ತೈವಾನಿನ ಎರಡು ಕಂಪನಿಗಳಿಂದ ಕದ್ದ ಪ್ರಮಾಣಪತ್ರಗಳ ಸಹಿ ಇತ್ತು. ಹಾಗಾಗಿ ಸಹಿಗಿಂತ ನಿಮ್ಮ ಮೊದಲ ಪ್ರಶ್ನೆಯೇ ಹೆಚ್ಚು ತೂಕದ್ದು.

ನಿಮ್ಮಂಥ ಕಚೇರಿಗಳಲ್ಲಿ ಎರಡು ತೊಡಕುಗಳು ಎದುರಾಗಬಹುದು. ಪಾಸ್‌ವರ್ಡ್ ಕೊಟ್ಟು ಹಾಕಿದ ತಂತ್ರಾಂಶ ಆ ಹೊತ್ತಿನಲ್ಲಿ ಅಡ್ಮಿನ್ ಖಾತೆಯ ಹೆಸರಿನಲ್ಲಿ ನಡೆಯುವುದರಿಂದ, ಅದರ ಐಕಾನ್ ಮತ್ತು ಸೆಟ್ಟಿಂಗ್ ಆ ಖಾತೆಗೇ ಸೇರಿ ನಿಮ್ಮ ಖಾತೆಯಲ್ಲಿ ಕಾಣದೆ ಹೋಗಬಹುದು. ಹಾಕುವಾಗ ‘ಎಲ್ಲ ಬಳಕೆದಾರರಿಗೆ’ ಎಂಬ ಆಯ್ಕೆಯಿದ್ದರೆ ಅದನ್ನೇ ಹಿಡಿಯಿರಿ. ಇನ್ನೊಂದು, ಬೇರೆ ಕಂಪ್ಯೂಟರಿನ ಫೋಲ್ಡರನ್ನು ‘ಝಡ್’ ಎಂಬಂಥ ಅಕ್ಷರಕ್ಕೆ ಜೋಡಿಸಿಕೊಂಡಿದ್ದರೆ, ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ (ಅಡ್ಮಿನ್ ಅಧಿಕಾರದಲ್ಲಿ ನಡೆಸು) ಕೊಟ್ಟು ತೆರೆದ ಪ್ರೋಗ್ರಾಂಗೆ ಆ ಡ್ರೈವ್ ಸಾಮಾನ್ಯವಾಗಿ ಕಾಣುವುದಿಲ್ಲ. ಡೇಟಾ ಕಳೆದುಹೋಯಿತೆಂದು ಗಾಬರಿಯಾಗಬೇಡಿ. ಪ್ರೋಗ್ರಾಂ ಮುಚ್ಚಿ ಮಾಮೂಲಿಯಾಗಿ ತೆರೆಯಿರಿ.

ಪ್ರಶ್ನೆ: ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಪುಟ ವಿನ್ಯಾಸದ ಹಳೆಯ ಪೇಜ್‌ಮೇಕರ್ ತಂತ್ರಾಂಶ ಸರಿಯಾಗಿ ನಡೆಯಲು ಅದನ್ನು ಯಾವಾಗಲೂ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಎಂದೇ ತೆರೆಯಬೇಕೆಂದು ಒಬ್ಬರು ಹೇಳಿಕೊಟ್ಟರು. ಈಗ ಕನ್ನಡ ಟೈಪಿಂಗ್ ತಂತ್ರಾಂಶ ವರ್ಡ್‌ನಲ್ಲಿ ಕೆಲಸ ಮಾಡುತ್ತದೆ, ಪೇಜ್‌ಮೇಕರಿನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳೇ ಬೀಳುತ್ತವೆ. ಫೋಲ್ಡರಿನಿಂದ ಚಿತ್ರವನ್ನು ಎಳೆದು ಹಾಕಲೂ ಆಗುತ್ತಿಲ್ಲ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡು ತೊಂದರೆಗಳ ಮೂಲವೂ ಆ ಸಲಹೆಯಲ್ಲೇ ಇರುವಂತಿದೆ. ಕಡಿಮೆ ಅಧಿಕಾರದ ಪ್ರೋಗ್ರಾಂ ಹೆಚ್ಚು ಅಧಿಕಾರದ ಪ್ರೋಗ್ರಾಂನ ಕಿಟಕಿಗೆ ಕೀಲಿಗಳನ್ನಾಗಲಿ ಆಜ್ಞೆಗಳನ್ನಾಗಲಿ ಕಳುಹಿಸದಂತೆ ವಿಸ್ಟಾ ಕಾಲದಿಂದಲೂ ವಿಂಡೋಸ್ ತಡೆಯುತ್ತದೆ. ನೀವು ಒತ್ತಿದ ಕೀಲಿಯನ್ನು ನಡುವೆ ಹಿಡಿದು ಕನ್ನಡ ಅಕ್ಷರವಾಗಿ ಬದಲಿಸಿ ಕೊಡುವ ಬಗೆಯ ಟೈಪಿಂಗ್ ತಂತ್ರಾಂಶ ಸಾಧಾರಣ ಅಧಿಕಾರದಲ್ಲಿದ್ದು, ಪೇಜ್‌ಮೇಕರ್ ಅಡ್ಮಿನ್ ಅಧಿಕಾರದಲ್ಲಿದ್ದರೆ, ಆ ಕೀಲಿ ಅದರ ಕೈಗೆ ಸಿಗದೆ ನೇರವಾಗಿ ಪೇಜ್‌ಮೇಕರಿಗೆ ಹೋಗುತ್ತದೆ. ಎಳೆದು ಹಾಕುವ ಚಿತ್ರ ಬೀಳದಿರುವುದಕ್ಕೂ ಇದೇ ತಡೆ ಕಾರಣ. ಟೈಪಿಂಗ್ ತಂತ್ರಾಂಶವನ್ನೂ ಅಡ್ಮಿನ್ ಆಗಿ ತೆರೆದರೆ ಅಕ್ಷರ ಬೀಳಬಹುದು, ಆದರೆ ನೀವು ಒತ್ತುವ ಪ್ರತಿಯೊಂದು ಕೀಲಿಯನ್ನೂ ನೋಡುವ ಪ್ರೋಗ್ರಾಂಗೆ ಇಡೀ ಯಂತ್ರದ ಅಧಿಕಾರ ಕೊಟ್ಟ ಹಾಗಾಗುತ್ತದೆ. ಅದನ್ನು ನಾನು ಸಲಹೆ ಮಾಡಲಾರೆ.

ಹಳೆಯ ತಂತ್ರಾಂಶಗಳು ಅಡ್ಮಿನ್ ಅಧಿಕಾರ ಬೇಡುವುದಕ್ಕೆ ಬಹುತೇಕ ಒಂದೇ ಕಾರಣವಿರುತ್ತದೆ: ಅವು ತಮ್ಮ ಸೆಟ್ಟಿಂಗ್ ಮತ್ತು ಪದಪಟ್ಟಿಗಳನ್ನು ‘ಪ್ರೋಗ್ರಾಂ ಫೈಲ್ಸ್’ ಒಳಗಿನ ತಮ್ಮದೇ ಫೋಲ್ಡರಿನಲ್ಲಿ ಬರೆಯಲು ನೋಡುತ್ತವೆ, ಸಾಧಾರಣ ಬಳಕೆದಾರರಿಗೆ ಅಲ್ಲಿ ಬರೆಯುವ ಅವಕಾಶವಿಲ್ಲ. ಇಂಥ ತಂತ್ರಾಂಶಗಳು ಕೆಟ್ಟುನಿಲ್ಲದಿರಲೆಂದು ವಿಂಡೋಸ್ ಆ ಬರಹವನ್ನು ನಿಮ್ಮ ಖಾತೆಯೊಳಗಿನ ‘ವರ್ಚುವಲ್‌ಸ್ಟೋರ್’ ಎಂಬ ಫೋಲ್ಡರಿಗೆ ತಿರುಗಿಸುತ್ತದೆ. ಒಮ್ಮೆ ಅಡ್ಮಿನ್ ಆಗಿ, ಒಮ್ಮೆ ಮಾಮೂಲಿಯಾಗಿ ತೆರೆಯುವವರಿಗೆ ನಿನ್ನೆ ಮಾಡಿದ ಸೆಟ್ಟಿಂಗ್ ಇಂದು ಮಾಯವಾದಂತೆ ಕಾಣುವುದು ಇದರಿಂದಲೇ.

ಪರಿಹಾರವಾಗಿ, ಆ ಒಂದೇ ತಂತ್ರಾಂಶದ ಫೋಲ್ಡರಿಗೆ ಬರೆಯುವ ಅನುಮತಿ ಕೊಡಿ. ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಅದರಲ್ಲಿ ಸೆಕ್ಯುರಿಟಿ, ಅಲ್ಲಿ ‘ಯೂಸರ್ಸ್’ ಎಂಬ ಗುಂಪಿಗೆ ‘ಮಾಡಿಫೈ’ ಅನುಮತಿ. ಇಡೀ ‘ಪ್ರೋಗ್ರಾಂ ಫೈಲ್ಸ್’ಗೆ ಎಂದಿಗೂ ಕೊಡಬೇಡಿ. ಹೀಗೆ ತೆರೆದಿಟ್ಟ ಫೋಲ್ಡರಿನ ಪ್ರೋಗ್ರಾಂ ಕಡತವನ್ನೇ ಯಾವುದಾದರೂ ದುಷ್ಟ ತಂತ್ರಾಂಶ ಬದಲಿಸಿಬಿಡಬಹುದಾದ್ದರಿಂದ, ಆಮೇಲೆ ಆ ತಂತ್ರಾಂಶವನ್ನು ಅಡ್ಮಿನ್ ಆಗಿ ತೆರೆಯುವುದನ್ನು ಪೂರ್ತಿಯಾಗಿ ಬಿಡಬೇಕು. ಫಾಂಟ್‌ಗಳ ವಿಷಯದಲ್ಲಿ, ವಿಂಡೋಸ್ 10ರ 1809 ಆವೃತ್ತಿಯಿಂದೀಚೆಗೆ ನಿಮ್ಮ ಖಾತೆಗೆ ಮಾತ್ರ ಫಾಂಟ್ ಹಾಕಿಕೊಳ್ಳಲು ಅಡ್ಮಿನ್ ಅಧಿಕಾರ ಬೇಕಿಲ್ಲ. ಆದರೆ ಕೆಲವು ಹಳೆಯ ತಂತ್ರಾಂಶಗಳಿಗೆ ಹಾಗೆ ಹಾಕಿದ ಫಾಂಟ್ ಕಾಣದು; ಆಗ ಎಲ್ಲ ಬಳಕೆದಾರರಿಗೆಂದು ಪಾಸ್‌ವರ್ಡ್ ಕೊಟ್ಟೇ ಹಾಕಬೇಕು.

ಪ್ರಶ್ನೆ: ಹೈಸ್ಕೂಲಿನಲ್ಲಿ ಓದುವ ಮಗನಿಗೆ ಆಟಗಳ ಹುಚ್ಚು. ‘ಆಂಟಿವೈರಸ್ ಆಫ್ ಮಾಡಿ, ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಡಿ’ ಎಂದು ವಿಡಿಯೋದಲ್ಲಿ ಹೇಳಿದ್ದಾರೆ, ಪಾಸ್‌ವರ್ಡ್ ಹಾಕಿಕೊಡು ಎಂದು ಪೀಡಿಸುತ್ತಾನೆ. ಕೊಡಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಕೊಡಬೇಡಿ, ತಾಯಿ. ಆ ಎರಡು ಸೂಚನೆಗಳು ಒಟ್ಟಿಗೆ ಬಂದರೆ ಅದರಲ್ಲಿ ಇನ್ನು ಪರಿಶೀಲಿಸುವಂಥದ್ದು ಏನೂ ಉಳಿದಿರುವುದಿಲ್ಲ. ಕಾವಲು ತೆಗೆದು ಪೂರ್ಣ ಅಧಿಕಾರ ಕೊಡಿ ಎಂದು ಕೇಳುವುದು ಹಣ ಕೊಡದೆ ಪಡೆದ ಆಟಗಳ, ‘ಕ್ರ್ಯಾಕ್’ಗಳ (ಹಣ ಕೊಡದೆ ತಂತ್ರಾಂಶ ನಡೆಸಲು ಅದರ ಬೀಗ ಮುರಿಯುವ ಪ್ರೋಗ್ರಾಂಗಳ) ಜೊತೆ ಪಾಸ್‌ವರ್ಡ್ ಕದಿಯುವ ತಂತ್ರಾಂಶವನ್ನು ತುರುಕುವವರ ಹಳೆಯ ರೀತಿ. ಮಗನಿಗೆ ಅವನದೇ ಸ್ಟ್ಯಾಂಡರ್ಡ್ ಖಾತೆ ಮಾಡಿಕೊಡಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಬಳಿ ಇರಲಿ. ಹೊಸ ಆಟ ಬೇಕೆಂದಾಗ ಅವನ ಪಕ್ಕದಲ್ಲೇ ಕುಳಿತು, ಅದು ಎಲ್ಲಿಂದ ಬಂದದ್ದೆಂದು ಕೇಳಿ, ಸರಿಯೆನಿಸಿದರೆ ನೀವೇ ಪಾಸ್‌ವರ್ಡ್ ಹಾಕಿ. ಏಕೆ ಬೇಡ ಎಂದಿರೆಂಬುದನ್ನೂ ಅವನಿಗೆ ವಿವರಿಸಿ. ಆ ವಯಸ್ಸಿನ ಮಕ್ಕಳಿಗೆ ಇದು ಅರ್ಥವಾಗುತ್ತದೆ.

ಪ್ರಶ್ನೆ: ಬ್ಯಾಂಕಿನವರೆಂದು ಹೇಳಿಕೊಂಡವರ ಕರೆ ನಂಬಿ, ಪರದೆ ಹಂಚಿಕೊಳ್ಳುವ ತಂತ್ರಾಂಶ ಹಾಕಿ, ಬಂದ ಚೌಕಗಳಿಗೆಲ್ಲ ‘ಹೌದು’ ಒತ್ತಿದೆ. ನನ್ನದು ಅಡ್ಮಿನ್ ಖಾತೆಯೇ ಆಗಿತ್ತು. ಅನುಮಾನ ಬಂದು ಕರೆ ಕತ್ತರಿಸಿದೆ. ಈಗ ಆ ತಂತ್ರಾಂಶ ತೆಗೆದುಹಾಕಿದರೆ ಸಾಕೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಸಾಲದು. ಇದನ್ನು ಓದುವ ಮೊದಲೇ ತಾವು ಬೇರೆಯವರ ನೆರವು ಪಡೆದಿದ್ದರೆ ಒಳ್ಳೆಯದು. ನಿಮ್ಮ ಪತ್ರಕ್ಕೆ ಅಂಚೆಯಲ್ಲಿ ಪ್ರತ್ಯೇಕವಾಗಿಯೂ ಉತ್ತರಿಸಿದ್ದೇನೆ. ಕಂಪ್ಯೂಟರನ್ನು ಇಂಟರ್‌ನೆಟ್ಟಿನಿಂದ ಕಳಚಿ. ಬ್ಯಾಂಕಿನ ಮತ್ತು ಇಮೇಲಿನ ಪಾಸ್‌ವರ್ಡುಗಳನ್ನು ಬೇರೊಂದು ಸಾಧನದಿಂದ ಬದಲಿಸಿ. ಇದೇ ಯಂತ್ರದಿಂದ ಬದಲಿಸಿದರೆ ಹೊಸದೂ ಅವರಿಗೆ ತಿಳಿಯಬಹುದು. ಬ್ಯಾಂಕಿಗೆ, ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂಭಾಗದಲ್ಲೋ ಇರುವ ಸಂಖ್ಯೆಗೆ ನೀವೇ ಕರೆಮಾಡಿ. ಹಣ ಹೋಗಿದ್ದರೆ ಗಂಟೆಗಳನ್ನು ಕಳೆಯದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ. ಹಣ ಇನ್ನೊಂದು ಖಾತೆಯಿಂದ ಮುಂದಕ್ಕೆ ಸಾಗುವ ಮೊದಲು ತಡೆಹಿಡಿಯುವ ಅವಕಾಶವಿರುವುದು ಆ ಮೊದಲ ಹೊತ್ತಿನಲ್ಲಿ.

ಪೂರ್ಣ ಅಧಿಕಾರ ಪಡೆದವರು ಹಿಂದಿರುಗಿ ಬರಲು ದಾರಿಯನ್ನು ಎಲ್ಲಿ ಬೇಕಾದರೂ ಬಿಟ್ಟಿರಬಹುದು. ಹೊಸದೊಂದು ಖಾತೆಯಾಗಿ, ಸರ್ವೀಸ್ ಆಗಿ, ನಿಗದಿತ ಹೊತ್ತಿಗೆ ತಾನೇ ಏಳುವ ಕೆಲಸವಾಗಿ ಅದು ಉಳಿದಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಖಾತೆಗಳ ಪಟ್ಟಿಯನ್ನು ನೋಡಿದರೆ ಗುರುತಿಲ್ಲದ ಹೆಸರು ಸಿಗಬಹುದಾದರೂ, ಏನೂ ಸಿಗಲಿಲ್ಲವೆಂಬುದು ಏನೂ ಇಲ್ಲವೆಂಬುದಕ್ಕೆ ಆಧಾರವಲ್ಲ. ಆದ್ದರಿಂದ ದಾಖಲೆಗಳನ್ನಷ್ಟೇ ಬೇರೆ ಡಿಸ್ಕಿಗೆ ನಕಲಿಸಿಕೊಂಡು, ಕಂಪ್ಯೂಟರಿನ ಡಿಸ್ಕನ್ನು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸುವುದೇ ನನ್ನ ಸಲಹೆ. ಮರುಸ್ಥಾಪಿಸುವ ದಿನವೇ ಎರಡು ಖಾತೆಗಳನ್ನು ಮಾಡಿಸಿಕೊಳ್ಳಿ. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ ಎಂದು ಬರೆದಿದ್ದೀರಿ. ಈ ಕರೆಗಳನ್ನು ಮಾಡುವವರು ಜನರನ್ನು ನಂಬಿಸುವುದನ್ನೇ ಕಸುಬು ಮಾಡಿಕೊಂಡವರು, ದಯವಿಟ್ಟು ಮನೆಯವರಿಗೆ ತಿಳಿಸಿ.

ಪ್ರಶ್ನೆ: ಸ್ಟ್ಯಾಂಡರ್ಡ್ ಖಾತೆ ಇದ್ದರೆ ಹಳೆಯ ವಿಂಡೋಸ್ 10 ಅನ್ನೇ ಮುಂದುವರಿಸಬಹುದೇ?
— ಓದುಗರೊಬ್ಬರು, ಹಾಸನ

ಉತ್ತರ: ಭದ್ರತಾ ಅಪ್‌ಡೇಟುಗಳ ಕೊರತೆಯನ್ನು ಸ್ಟ್ಯಾಂಡರ್ಡ್ ಖಾತೆ ತುಂಬುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈ ಎಂಬ ರಾನ್ಸಮ್‌ವೇರ್ ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ವಿಂಡೋಸ್‌ನ ಜಾಲವ್ಯವಸ್ಥೆಯ ದೋಷವೊಂದರ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ದಾಟಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು. ಹೆಚ್ಚುವರಿ ಭದ್ರತಾ ಅಪ್‌ಡೇಟುಗಳಿಗೆ ನೋಂದಾಯಿಸಿಕೊಳ್ಳದೆ ಆ ಯಂತ್ರವನ್ನು ಜಾಲಕ್ಕೆ ಜೋಡಿಸಬೇಡಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ, ವಿಂಡೋಸ್ ಬದಲು ಉಬುಂಟು ಲಿನಕ್ಸ್ ಬಳಸುತ್ತೇನೆ. ‘ಪರ್ಮಿಷನ್ ಡಿನೈಡ್’ ಎಂದು ಬಂದಾಗಲೆಲ್ಲ ‘ಸುಡೊ’ ಸೇರಿಸುತ್ತೇನೆ. ಇತ್ತೀಚೆಗೆ ನನ್ನ ಸ್ವಂತ ಪ್ರಾಜೆಕ್ಟಿನ ಕಡತಗಳನ್ನು ಉಳಿಸಲೂ ಸುಡೊ ಬೇಕಾಗುತ್ತಿದೆ. ಹೀಗೇಕೆ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸುಡೊ ಎಂದರೆ ಆ ಒಂದು ಆಜ್ಞೆಯನ್ನು ‘ರೂಟ್’ ಎಂಬ ಪೂರ್ಣ ಅಧಿಕಾರದ ಖಾತೆಯ ಹೆಸರಿನಲ್ಲಿ ನಡೆಸುವುದು. ಸುಡೊ ಕೊಟ್ಟು ತೆರೆದ ಪ್ರೋಗ್ರಾಂ ಸೃಷ್ಟಿಸಿದ ಕಡತಗಳ ಒಡೆತನ ರೂಟ್ ಖಾತೆಗೆ ಸೇರುತ್ತದೆ. ಆಮೇಲೆ ನೀವು ನಿಮ್ಮ ಹೆಸರಿನಲ್ಲಿ ಅದನ್ನು ತಿದ್ದಲು ಹೋದಾಗ ಅನುಮತಿಯಿಲ್ಲ ಎನ್ನುತ್ತದೆ, ನೀವು ಮತ್ತೆ ಸುಡೊ ಕೊಡುತ್ತೀರಿ, ಇನ್ನಷ್ಟು ಕಡತಗಳು ರೂಟ್‌ಗೆ ಸೇರುತ್ತವೆ. ಉಬುಂಟುವಿನಲ್ಲಿ ರೂಟ್ ಖಾತೆಗೆ ನೇರವಾಗಿ ಒಳಹೋಗದಂತೆ ಮೊದಲಿನಿಂದಲೂ ಬೀಗ ಹಾಕಿರುತ್ತಾರೆ. ಪ್ರತಿ ಆಜ್ಞೆಗೂ ಸುಡೊ ಹಚ್ಚಿದರೆ ಆ ಬೀಗಕ್ಕೆ ಅರ್ಥವಿಲ್ಲ. ಅನುಮತಿಯಿಲ್ಲ ಎಂದು ಬಂದಾಗ ಆ ಕಡತ ಯಾರದು ಎಂದು ಮೊದಲು ನೋಡಿ. ನಿಮ್ಮ ಹೋಮ್ ಫೋಲ್ಡರಿನೊಳಗಿನದಾದರೆ ಸುಡೊ ಬೇಕಾಗುವ ಸಂದರ್ಭ ತೀರಾ ಅಪರೂಪ. ಪೈಥಾನ್ ಪ್ಯಾಕೇಜುಗಳನ್ನು ಸುಡೊ ಕೊಟ್ಟು ಹಾಕಿದರೆ ಉಬುಂಟು ತನ್ನ ಕೆಲಸಕ್ಕೆ ನೆಚ್ಚಿಕೊಂಡ ಪ್ಯಾಕೇಜುಗಳೇ ಕೆಡಬಹುದು. ಪ್ರತಿ ಪ್ರಾಜೆಕ್ಟಿಗೂ ಪ್ರತ್ಯೇಕ ವರ್ಚುವಲ್ ಎನ್ವಿರಾನ್ಮೆಂಟ್ (ಆ ಪ್ರಾಜೆಕ್ಟಿನ ಪ್ಯಾಕೇಜುಗಳನ್ನು ಬೇರೆಯಾಗಿ ಇಡುವ ಫೋಲ್ಡರ್) ಮಾಡಿಕೊಳ್ಳಿ. ಜಾಲತಾಣದಿಂದ ಸ್ಕ್ರಿಪ್ಟನ್ನು (ಆಜ್ಞೆಗಳ ಸರಣಿಯನ್ನು) ಇಳಿಸಿ ನೇರವಾಗಿ ಸುಡೊಗೆ ಉಣಿಸುವ ಒಂದೇ ಸಾಲಿನ ಆಜ್ಞೆಗಳನ್ನು ಅಂಟಿಸಬೇಡಿ. ಸ್ಕ್ರಿಪ್ಟನ್ನು ಕಡತವಾಗಿ ಉಳಿಸಿ, ಓದಿ, ಆಮೇಲೆ ನಡೆಸಿ. ಕಡತದ ಅನುಮತಿ ಬದಲಿಸುವ ‘ಸಿಎಚ್‌ಮಾಡ್ 777’ ಎಂಬ ಆಜ್ಞೆಯೂ ಪರಿಹಾರವಲ್ಲ, ಅದು ಆ ಕಡತವನ್ನು ಯಂತ್ರದಲ್ಲಿರುವ ಎಲ್ಲ ಖಾತೆಗಳಿಗೂ ತೆರೆದಿಡುತ್ತದೆ. ಈಗ ಕೆಟ್ಟಿರುವುದನ್ನು ಸರಿಪಡಿಸಲು, ಪ್ರಾಜೆಕ್ಟ್ ಫೋಲ್ಡರಿನ ಒಡೆತನವನ್ನು ‘ಸಿಎಚ್‌ಓನ್’ ಆಜ್ಞೆಯಿಂದ ಒಮ್ಮೆ ನಿಮ್ಮ ಹೆಸರಿಗೆ ಬದಲಿಸಿ. ಅದಕ್ಕೆ ಸುಡೊ ಬೇಕು. ಫೋಲ್ಡರಿನ ಹೆಸರನ್ನು ಎರಡು ಸಲ ಓದಿ ನೋಡಿದ ಮೇಲೆ ಎಂಟರ್ ಒತ್ತಿ, ಏಕೆಂದರೆ ದಾರಿ ಬರೆಯುವಾಗ ಒಂದು ಖಾಲಿ ಜಾಗ ತಪ್ಪಿ ಬಿದ್ದರೆ ಇಡೀ ಡಿಸ್ಕಿನ ಒಡೆತನ ಬದಲಾಗಬಹುದು.